ಜೋಲಿಯ ಕೆಳಗೊಂದು ಕಂಬಳಿ

ಮಾರೇಶ ಆಡಿದ ಆ ಮಾತನ್ನು ದುರುಗಪ್ಪ ಇವತ್ತಿಗೂ ಮನಸ್ಸಿನಲ್ಲಿಟ್ಟುಕೊಂಡಿದ್ದಾನೆ. ಆಡಿದವನು ಹೊರಗಿನವನಲ್ಲ, ಹೆಂಡತಿಯ ಒಡಹುಟ್ಟಿದ ತಮ್ಮ, ಹರಪನಹಳ್ಳಿ ಬಸ್ಸಿನ ಕಂಡಕ್ಟರ್. ಆಡಿದ್ದು ಮನೆಯೊಳಗೂ ಅಲ್ಲ. ಕೊಟ್ಟೂರಿನ ಮಾರುಕಟ್ಟೆ ಯಾರ್ಡಿನ ಎದುರಿಗಿರುವ ಚಹಾದಂಗಡಿಯಲ್ಲಿ, ಹಮಾಲರೆಲ್ಲ ಕಿವಿ ತೆರೆದುಕೊಂಡು ಕೂತಿದ್ದಾಗ.

“ಏನ್ ಮಾಮ, ಕೋಮಲಾನ್ನ ಗುಡ್ಡದ ಮ್ಯಾಲೆ ತೊಟ್ಲಾಗ ಮಲಗ್ಸಾಕ ಕಳಸ್ತಿಯಂತ? ಅಕಿ ತೊಟ್ಲಾಗ ಮಲಗೋ ವಯಸ್ಸು ದಾಟಿ ಯಾವ ಕಾಲ ಆತು. ಮೊದ್ಲು ಮದುವಿ ಮಾಡು, ಆಮ್ಯಾಲೆ ಅಕಿ ಮಗೀಗೆ ಕಟ್ಟುವಂತಿ ತೊಟ್ಲ.”

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಜೊತೆಗಾರ ರಾಮಣ್ಣನೂ ಬಾಯಿಗೆ ಟವೆಲ್ಲು ಅಡ್ಡ ಹಿಡಿದು ನಕ್ಕ. ದುರುಗಪ್ಪ ಲೋಟ ಕುಕ್ಕಿದ ರಭಸಕ್ಕೆ ಚಹಾ ಹಾರಿ ಮಾರೇಶನ ಖಾಕಿ ಪ್ಯಾಂಟಿನ ಮೇಲೆ ಬಿತ್ತು.

“ನೀನು ಮೊದ್ಲು ಬಸ್ಸಿನಾಗ ಮಂದಿಗೆ ಚಿಲ್ರಿ ಕೊಡಾದು ಕಲೀಲೇ. ನನ್ನ ಮಗಳ ಸುದ್ದಿ ಆಮ್ಯಾಲೆ ಮಾತಾಡುವಂತಿ.”

ಹಾಗೆ ಹೇಳಿ ಎದ್ದು ಬಂದ. ಆದರೆ ನಗು ಬೆನ್ನಿಗೆ ಅಂಟಿಕೊಂಡು ಬಂತು. ಕ್ವಿಂಟಾಲ್ ಮೆಕ್ಕೆಜೋಳ ಹೊತ್ತ ಬೆನ್ನು ಅದು. ಅಂಥ ಬೆನ್ನಿಗೂ ಆ ನಗು ಭಾರವಾಯಿತು.

ದುರುಗಪ್ಪ ತಂಬ್ರಹಳ್ಳಿ ಕಡೆಯವನು. ಮೂರನೇ ಇಯತ್ತೆಯಲ್ಲಿ ಮೇಷ್ಟ್ರು ಮಾಡದ ತಪ್ಪಿಗೆ ಹೊಡೆದರೆಂದು ಪಾಟಿ ಎಸೆದು ಹೊರಗೆ ಬಂದವನು ಮತ್ತೆ ಒಳಗೆ ಹೋಗಲಿಲ್ಲ. ಹರೆಯದಲ್ಲಿ ಕೊಟ್ಟೂರಿಗೆ ಬಂದು ಯಾರ್ಡಿನಲ್ಲಿ ಚೀಲ ಹೊರಲು ನಿಂತ. ಹಮಾಲಿ ಎಂದರೆ ಬರೀ ಬೆನ್ನು ಎಂದುಕೊಂಡವರಿಗೆ ಏನು ಹೇಳುವುದು. ಚೀಲ ಹೊರುವವರು ಸಾವಿರ ಮಂದಿ ಸಿಗುತ್ತಾರೆ, ಚೀಲದ ಬಾಯಿ ಹೊಲಿಯುವವರನ್ನು ಹುಡುಕಬೇಕು. ದುರುಗಪ್ಪ ದಬ್ಬಣಕ್ಕೆ ಸುತಳಿ ಪೋಣಿಸಿ ಕೂತನೆಂದರೆ ಶೇಂಗಾ ತುಂಬಿದ ಚೀಲದ ಬಾಯಿ ಹೆಣೆದ ಜಡೆಯಂತೆ ಮುಚ್ಚಿಕೊಳ್ಳುತ್ತಿತ್ತು. ಅವನು ಹೊಲಿದ ಚೀಲ ಲಾರಿಯಿಂದ ಬಿದ್ದರೂ ಒಂದು ಕಾಳು ಹೊರಗೆ ಬಂದಿಲ್ಲ ಎಂದು ದಲಾಲರೇ ಹೇಳುತ್ತಿದ್ದರು. ಹಾಗೆ ಹೇಳಿದ ದಲಾಲರ ಜೊತೆಗೂ ಅವನು ವಾರಕ್ಕೊಮ್ಮೆ ಜಗಳ ಮಾಡುತ್ತಿದ್ದ, ಅದು ಬೇರೆ ಮಾತು.

ಹೆಂಡತಿ ಜೋಗಮ್ಮ ಅದೇ ಯಾರ್ಡಿಗೆ ಕಾಳು ಹಸನು ಮಾಡಲು ಬರುತ್ತಿದ್ದಳು. ಮಗಳು ಕೋಮಲಾ ಕೂಸಾಗಿದ್ದಾಗ ಹಳೇ ಸೀರೆಯ ಜೋಲಿಯಲ್ಲಿ, ಬೇವಿನ ಕೊಂಬೆಯ ಕೆಳಗೆ, ಜೋಳದ ಧೂಳು ಕುಡಿಯುತ್ತಲೇ ಬೆಳೆದವಳು. ಆ ಕೂಸು ಮುಂದೆ ಕಾಲೇಜಿನಲ್ಲಿ ಖೋಖೋ ಆಡಿತು, ಡಿಗ್ರಿ ಮುಗಿಸಿತು, ಸಾಹಸ ತರಬೇತಿ ಕೇಂದ್ರವೊಂದಕ್ಕೆ ಆಯ್ಕೆಯಾಯಿತು. ಗುಡ್ಡ ಹತ್ತುವುದು, ಹಗ್ಗ ಹಿಡಿದು ಬಂಡೆ ಇಳಿಯುವುದು, ಕಾಡಿನಲ್ಲಿ ಬಿಡಾರ ಹೂಡುವುದು, ಎಲ್ಲ ಕಲಿತಳು. ಉಳಿದದ್ದು ಕೊನೆಯ ಪರೀಕ್ಷೆಯೊಂದೇ. ಪುಷ್ಯ ಮಾಸದ ಚಳಿಯಲ್ಲಿ ಸಂಡೂರಿನ ಗುಡ್ಡದ ನೆತ್ತಿಯ ಮೇಲೆ, ಎರಡು ಮರದ ನಡುವೆ ಕಟ್ಟಿದ ಜೋಲಿಯಲ್ಲಿ, ಮೂರು ರಾತ್ರಿ ಒಬ್ಬಳೇ ಮಲಗಿ ಏಳಬೇಕು. ಚಳಿ ತಡೆಯದೆ ಬೆಂಕಿ ಹಾಕಿದ ಡೇರೆಗೆ ಇಳಿದು ಬಂದರೆ ಮುಗಿಯಿತು, ಮನೆಗೆ ನಡೆಯಬೇಕು. ತೇರ್ಗಡೆಯಾದರೆ ಅದೇ ಕೇಂದ್ರದಲ್ಲಿ ಪಗಾರದ ತರಬೇತುದಾರಳು. ಜೋಲಿ ಕೇಂದ್ರದ್ದು, ಹೊದೆಯುವುದು ಹಾಸುವುದು ಅವರವರದು. ಅದೂ ಬೆನ್ನಚೀಲದಲ್ಲಿ ಹೊತ್ತು ಹತ್ತುವಷ್ಟೇ ಇರಬೇಕು.

ಮಾರೇಶ ತೊಟ್ಟಿಲು ಎಂದದ್ದು ಇದಕ್ಕೆ.

ಪರೀಕ್ಷೆಗೆ ಎರಡು ವಾರವಿರುವಾಗ ಕೋಮಲಾ ಜೋಲಿ ಹಿಡಿದುಕೊಂಡು ಮನೆಗೆ ಬಂದಳು. ಪ್ಯಾರಾಚೂಟ್ ಬಟ್ಟೆಯಂತೆ, ಮಡಚಿದರೆ ಸೋರೆಕಾಯಿಯಷ್ಟಾಗುತ್ತಿತ್ತು. ದುರುಗಪ್ಪ ಹೆಬ್ಬೆರಳಲ್ಲಿ ಬಟ್ಟೆ ಉಜ್ಜಿ ನೋಡಿದ, ಹೊಲಿಗೆ ಎಳೆದು ನೋಡಿದ, “ಹೊಲಿಗಿ ಪರವಾಗಿಲ್ಲ” ಎಂದ. ಅವನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಹಿತ್ತಲಲ್ಲಿ ಬೇವಿನ ಮರಕ್ಕೂ ದನದ ಕೊಟ್ಟಿಗೆಯ ಕಂಬಕ್ಕೂ ಕಟ್ಟಿದರು. ಜೋಗಮ್ಮ ಮನೆಯಲ್ಲಿದ್ದ ಕೌದಿಯನ್ನೆಲ್ಲ ತಂದು ಸುರಿದಳು. ಎರಡು ಕೆಳಗೆ, ಮೂರು ಮೇಲೆ.

“ಇಷ್ಟು ಹಾಕ್ಕೊಂಡ್ರ ಹಿಮಾಲಯದಾಗ ಮಲಗಿದ್ರೂ ಬೆವರ್ತಿ ಬಿಡು,” ಎಂದ ದುರುಗಪ್ಪ.

ಕೋಳಿ ಕೂಗುವ ಹೊತ್ತಿಗೆ ಮಗಳು ಒಳಗೆ ಬಂದು ಒಲೆಗೆ ಬೆನ್ನು ಕೊಟ್ಟು ಕೂತಿದ್ದಳು. ಹಲ್ಲು ಕಟಕಟ ಎನ್ನುತ್ತಿತ್ತು.

“ಎದಿ ಬೆಚ್ಚಗ ಐತಿ ಅಪ್ಪಾ, ಬೆನ್ನು ಬರಫ್ ಆಗೇತಿ.”

“ಎರಡು ಕೌದಿ ಹಾಸಿದ್ವಲ್ಲ ಕೆಳಗ?”

“ಮೈಭಾರಕ್ಕ ಅವು ಹಪ್ಪಳ ಆಗಿಬಿಡ್ತಾವ. ನೆಲದ ಮ್ಯಾಲೆ ಮಲಗಿದ್ರ ಕೆಳಗಿಂದ ಗಾಳಿ ಬರಾದಿಲ್ಲ. ಜೋಲ್ಯಾಗ ಕೆಳಗೂ ಗಾಳಿ, ಮ್ಯಾಲೂ ಗಾಳಿ.”

“ಹಂಗಾದ್ರ ಇನ್ನೆರಡು ಹಾಸು.”

“ಎಷ್ಟು ಹಾಸಿದ್ರೂ ಅಷ್ಟ ಅಪ್ಪಾ. ಅಲ್ಲದ ಅವನ್ನೆಲ್ಲ ಗುಡ್ಡಕ್ಕ ಹೊರಾಕ ನೀನು ಬರ್ತೀಯೇನು?”

ಬಾ ಎಂದಿದ್ದರೆ ಅವನು ಹೊತ್ತುಕೊಂಡು ಹೊರಟೇಬಿಡುತ್ತಿದ್ದ. ಅದಕ್ಕೆ ನಿಯಮ ಬಿಡುತ್ತಿರಲಿಲ್ಲ. ನಿಯಮ ಮಾಡಿದವರನ್ನು ಅವನು ಹಲ್ಲುಜ್ಜುತ್ತಲೇ ಬೈದ.

ಮರುದಿನ ಅಪ್ಪ ಮಗಳು ಹೊಸಪೇಟೆಗೆ ಹೋದರು. ಗುಡ್ಡ ಹತ್ತುವವರ ಸಾಮಾನು ಮಾರುವ ಅಂಗಡಿ. ಅಂಗಡಿಯವನು ಒಳ್ಳೆಯವನು, ಮಲಗುವ ಚೀಲವೊಂದನ್ನು ಬಿಚ್ಚಿ ತೋರಿಸಿದ. ಒಳಗೆ ಹೊಕ್ಕು ಕುತ್ತಿಗೆವರೆಗೆ ಜಿಪ್ಪು ಎಳೆದುಕೊಳ್ಳುವಂಥದ್ದು.

“ಮಲಗಿ ನೋಡ್ಲೇನ್ರಿ?” ಎಂದ ದುರುಗಪ್ಪ.

“ಅದಕ್ಕೇನಂತ, ನೋಡ್ರಿ.”

ಅಂಗಡಿಯ ನೆಲದ ಮೇಲೆಯೇ ಒಳಗೆ ಹೊಕ್ಕ. ಜಿಪ್ಪು ಎಳೆದ. ಜಿಪ್ಪು ಅರ್ಧಕ್ಕೆ ಅವನ ಅಂಗಿಯನ್ನು ಕಚ್ಚಿ ನಿಂತಿತು. ಕೈ ಒಳಗೆ, ಕಾಲು ಒಳಗೆ, ಮೀಸೆ ಮಾತ್ರ ಹೊರಗೆ.

“ಕೋಮಲಾ, ಇದನ್ನ ಬಿಚ್ಚು. ಹೆಣ ಕಟ್ಟಿದಂಗ ಆಗೇತಿ.”

ಮಗಳು ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಳು. ಅಂಗಡಿಯವನು ಮಂಡಿಯೂರಿ ಬಿಡಿಸಿದ. ಬೇರೆ ದಿನವಾಗಿದ್ದರೆ ದುರುಗಪ್ಪ ಅಂಗಡಿ ತಲೆಕೆಳಗೆ ಮಾಡುತ್ತಿದ್ದ. ಅವತ್ತು ಮಗಳ ನಗು ಕೇಳಿ ಸುಮ್ಮನಾದ. ಆ ಹುಡುಗಿ ಬಂದಾಗಿನಿಂದ ಒಂದು ಸಲವೂ ನಕ್ಕಿರಲಿಲ್ಲ.

“ಇದೂ ಬೆನ್ನಿನ ಕೆಳಗ ಅಪ್ಪಚ್ಚಿ ಆಗ್ತೈತಿ ಅಪ್ಪಾ,” ಎಂದಳು ಅವಳು ಹೊರಗೆ ಬಂದ ಮೇಲೆ. “ನಮ್ಮ ಕೇಂದ್ರದಾಗ ಒಂದು ತೋರ್ಸಿದ್ರು. ಹಕ್ಕಿ ತುಪ್ಪಳ ತುಂಬಿದ್ದು. ಅದು ಜೋಲಿ ಒಳಗ ಹಾಸಾದಲ್ಲ, ಜೋಲಿ ಹೊರಗ, ಕೆಳಗ ಕಟ್ಟಾದು. ಮೈಭಾರ ಅದರ ಮ್ಯಾಲೆ ಬೀಳಾದಿಲ್ಲ, ಅದಕ್ಕ ಬೆಚ್ಚಗಿರ್ತೈತಿ. ಆದ್ರ ಅದು ನಮ್ಮ ಕೈಗೆ ಎಟಕಾದಲ್ಲ ಬಿಡು.”

ದುರುಗಪ್ಪ ಬಸ್‌ಸ್ಟ್ಯಾಂಡಿನವರೆಗೆ ಬೆರಳಲ್ಲಿ ಏನೋ ಅಳತೆ ಹಾಕುತ್ತ ನಡೆದ. ಬಸ್ಸು ಹತ್ತಿ ಕೂತ ಮೇಲೆ ಕೇಳಿದ. “ಅಂದ್ರ ಜೋಲಿಗೇ ಒಂದು ಜೋಲಿ.”

“ಹ್ಞೂಂ.”

“ಹಕ್ಕಿ ತುಪ್ಪಳನ ಆಗಬೇಕೇನು? ಕುರಿ ತುಪ್ಪಳ ನಡಿಯಾದಿಲ್ಲೇನು?”

ಕೋಮಲಾ ಅಪ್ಪನ ಮುಖ ನೋಡಿದಳು. ಚೀಲ ಹೊಲಿಯುವ ಮೊದಲು ಬಾಯಿ ಅಳತೆ ಮಾಡುವಾಗ ಅವನ ಕಣ್ಣು ಸಣ್ಣದಾಗುತ್ತಿತ್ತು. ಈಗಲೂ ಹಾಗೇ ಆಗಿತ್ತು.

ಹೀಗೆ ಅವರು ಗುಡೇಕೋಟೆಯ ಮೈಲಪ್ಪಜ್ಜನ ಮನೆ ಬಾಗಿಲಿಗೆ ಬಂದರು. ಕುರುಬರ ಮೈಲಪ್ಪ, ಕಂಬಳಿ ನೇಯುವವನು. ಮೊದಲೆಲ್ಲ ಓಣಿಯ ತುಂಬ ಮಗ್ಗದ ಸದ್ದಿತ್ತಂತೆ, ಈಗ ಇವನದೊಂದೇ, ಅದೂ ಕೈ ಕಾಲು ಸುಮ್ಮನಿರಲಾರದ್ದಕ್ಕೆ. ಕರೀ ಉಣ್ಣೆಯ ಕಂಬಳಿಯೊಂದನ್ನು ಅವನು ಮಡಿಕೆ ಬಿಚ್ಚಿ ಹಾಸಿದ. ಹಲಗೆಯಂತೆ ಬಿಗುವಾಗಿತ್ತು, ಕುರಿಯ ವಾಸನೆ, ಹುಣಸೆಬೀಜದ ಗಂಜಿಯ ವಾಸನೆ.

“ಯಾರಿಗೆ ಹೊಚ್ಚಾಕ?”

“ಹೊಚ್ಚಾಕಲ್ಲಜ್ಜ. ನನ್ನ ಮಗಳು ಜೋಲ್ಯಾಗ ಮಲಗ್ತಾಳ, ಅದರ ಕೆಳಗ ಕಟ್ಟಾಕ.”

ಅಜ್ಜ ಬಾಯಲ್ಲಿದ್ದ ಎಲೆ ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ. “ಎಪ್ಪತ್ತು ವರ್ಷ ಕಂಬ್ಳಿ ಮಾರೀನಿ. ಕೆಳಗ ಕಟ್ಟೋರನ್ನ ಇವತ್ತ ನೋಡಿದ್ದು.” ಕೊಡುವ ಕಂಬಳಿ ಕೊಟ್ಟ, ಕೇಳುವ ಬೆಲೆ ಕೇಳಿದ, ಮತ್ತೇನೂ ಹೇಳಲಿಲ್ಲ. ಕಂಬಳಿ ಕೊಂಡವನಿಗೆ ಕಂಬಳಿ ಗೊತ್ತಿರುತ್ತದೆ ಎಂದುಕೊಂಡಿರಬೇಕು.

ದುರುಗಪ್ಪನಿಗೆ ಗೊತ್ತಿದ್ದದ್ದು ಚೀಲ. ಯಾರ್ಡಿನಲ್ಲಿ ಹೊಸ ಗೋಣಿಚೀಲ ಬಂದರೆ ಅವನು ಮೊದಲು ಮಾಡುವ ಕೆಲಸವೊಂದೇ, ನೀರಿಗೆ ಹಾಕಿ ತುಳಿದು ಕಲ್ಲಿಗೆ ಬಡಿಯುವುದು. ಎಣ್ಣೆ ವಾಸನೆ ಹೋಗುತ್ತದೆ, ನಾರು ಮೆತ್ತಗಾಗುತ್ತದೆ, ದಬ್ಬಣ ಬೆಣ್ಣೆಯೊಳಗೆ ಇಳಿದಂತೆ ಇಳಿಯುತ್ತದೆ. ಹಲಗೆಯಂತಿದ್ದ ಕಂಬಳಿಯಲ್ಲಿ ದಬ್ಬಣ ಇಳಿಯಲು ಒಪ್ಪಲಿಲ್ಲ. ತೊಟ್ಟಿಯಲ್ಲಿ ಬಟ್ಟೆ ಸೋಪಿನ ಪುಡಿ ಕಲಸಿ ಕಂಬಳಿಯನ್ನು ನೆನೆಸಿದ, ಸಮಾಧಾನವಾಗುವಷ್ಟು ತುಳಿದ, ಬಡಿದ, ಒಣಗಿಸಿದ. ಕುರಿಮರಿಯ ಹೊಟ್ಟೆಯಂತೆ ಮೆತ್ತಗಾಯಿತು. ಜೋಗಮ್ಮನ ಕೆನ್ನೆಗೆ ಒತ್ತಿ ತೋರಿಸಿದ.

ಆಮೇಲೆ ಹೊಲಿಗೆಗೆ ಕೂತ. ಎರಡೂ ಉದ್ದನೆಯ ಅಂಚನ್ನು ಮಡಚಿ, ಒಳಗೆ ಹಗ್ಗ ಓಡುವಷ್ಟು ದಾರಿ ಬಿಟ್ಟು, ಸುತಳಿಯ ಬದಲು ಮೇಣ ಹಚ್ಚಿದ ದಾರದಲ್ಲಿ ಹೊಲಿದ. ಹಗ್ಗ ಬಿಗಿದರೆ ಕಂಬಳಿ ತೊಟ್ಟಿಲಿನಂತೆ ಬಳಸಿ ಮೇಲೇಳಬೇಕು, ಬೆನ್ನನ್ನು ಮುಟ್ಟಬೇಕು, ಬೆನ್ನಿನ ಭಾರ ಹೊರಬಾರದು. ಬಿಗಿ ಹೆಚ್ಚಾದರೆ ಹಪ್ಪಳ, ಕಡಿಮೆಯಾದರೆ ನಡುವೆ ಗಾಳಿ. ಮಗಳನ್ನು ಮಲಗಿಸಿ, ಕೆಳಗೆ ಅಂಗಾತ ಬಿದ್ದು, ಟ್ರ್ಯಾಕ್ಟರ್ ರಿಪೇರಿ ಮಾಡುವವನಂತೆ ಹಗ್ಗ ಎಳೆದು ಬಿಟ್ಟು ನೋಡಿದ. ಯಾರ್ಡಿನ ಕೆಲಸ ತಪ್ಪಿಸಿ ಮಾಡಿದ ಕೆಲಸ. ಅದರಂಥ ಹೊಲಿಗೆ ಅವನ ಕೈಯಿಂದ ಹಿಂದೆ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಕೋಮಲಾ ಮತ್ತೆ ಒಲೆಯ ಮುಂದೆ ಕೂತಿದ್ದಳು.

“ಯಾಕ?” ಎಂದ ದುರುಗಪ್ಪ.

“ಗಾಳಿ ಬೀಸೋವರೆಗೂ ಬೆಚ್ಚಗಿತ್ತು ಅಪ್ಪಾ. ಬೀಸಿದ ಮ್ಯಾಲೆ ಜಲ್ಲಡಿ ಇದ್ದಂಗ. ಸಂಡೂರು ಗುಡ್ಡದಾಗ ಗಾಳಿ ನಿಲ್ಲಾದ ಇಲ್ಲ.”

ಅವನು ಕಂಬಳಿಯನ್ನು ಹಗ್ಗದ ಸಮೇತ ಕಿತ್ತು ಅಂಗಳಕ್ಕೆ ಎಸೆದ. ಕುರುಬನನ್ನು ಬೈದ, ಕುರಿಯನ್ನು ಬೈದ, ಗುಡೇಕೋಟೆಗೆ ಹೋಗುವ ಬಸ್ಸನ್ನೂ ಬೈದ. ಜೋಗಮ್ಮ ಕಂಬಳಿ ಎತ್ತಿಕೊಂಡು, ಧೂಳು ಕೊಡವಿ, ಹುಟ್ಟುವ ಸೂರ್ಯನಿಗೆ ಅಡ್ಡ ಹಿಡಿದಳು. ಎಳೆ ಎಳೆಯ ನಡುವೆ ಬೆಳಕು ಚುಕ್ಕಿ ಚುಕ್ಕಿಯಾಗಿ ಈಚೆ ಬಂತು.

“ತಂದ ದಿನ ನಾನು ಹಿಂಗ ಹಿಡಿದು ನೋಡಿದ್ದೆ. ಬೆಳಕು ಬಂದಿರ್ಲಿಲ್ಲ,” ಎಂದಳು. “ಬಡದು ಬಡದು ನೀನ ತೂತು ಮಾಡೀಯೋ ಏನೋ. ಅಜ್ಜನ್ನ ಕೇಳಿ ಬಾ. ಕೇಳು ಅಂದೆ, ಜಗಳ ಆಡು ಅನ್ಲಿಲ್ಲ.”

ಪರೀಕ್ಷೆಗೆ ವಾರವೂ ಇರಲಿಲ್ಲ. ಕಂಬಳಿಯನ್ನು ಕಂಕುಳಲ್ಲಿಟ್ಟುಕೊಂಡು ಅಪ್ಪ ಮಗಳು ಕೂಡ್ಲಿಗಿಯಲ್ಲಿ ಬಸ್ಸು ಬದಲಿಸಿ ಮತ್ತೆ ಗುಡೇಕೋಟೆಗೆ ಹೋದರು. ಮೈಲಪ್ಪಜ್ಜ ಕಂಬಳಿಯನ್ನು ಮುಟ್ಟಿದವನೇ ಕೈ ಹಿಂದಕ್ಕೆ ತೆಗೆದುಕೊಂಡ.

“ನೀರಿಗೆ ಹಾಕೀಯೇನಲೇ?”

“ಹಾಕೀನಿ.”

“ಸೋಪು?”

“ಹ್ಞೂಂ.”

“ಬಡದೀ?”

ದುರುಗಪ್ಪ ಕಂಬಳಿಯ ಮಡಿಕೆ ಸರಿಮಾಡಿದ.

“ಕಂಬ್ಳೀನ ಗೋಣಿಚೀಲ ಅನ್ಕೊಂಡ್ಯೇನಲೇ ಹಮಾಲ? ಹುಣಸಿಬೀಜದ ಗಂಜಿ ನಾನು ಚಂದಕ್ಕ ಹಚ್ತೀನೇನು? ಎಳಿ ಎಳಿ ಹಿಡಿದು ನಿಂದ್ರಸಾದು ಅದು. ಗಾಳಿ ತಡಿಯಾದು ಅದು, ಮಂಜಿನ ಹನಿ ಜಾರ್ಸಾದು ಅದು. ಗಂಜಿ ಹೋದ ಕಂಬ್ಳಿಗೂ ಮೀನಿನ ಬಲಿಗೂ ಏನು ಫರಕ್ ಐತಿ? ಒಂದು ಮಾತು ಕೇಳಾಕ ನಿನಗ ಬಾಯಿ ಇರ್ಲಿಲ್ಲೇನು? ಜಗಳಕ್ಕಾದ್ರ ಮಾರು ಉದ್ದ ಬಾಯಿ ಐತಿ ಅಂತ ನಿನ್ನ ಮಾರಿ ನೋಡಿದ್ರ ಗೊತ್ತಾಗ್ತೈತಿ.”

ಯಾರ್ಡಿನಲ್ಲಿ ಯಾರಾದರೂ ಇದರ ಅರ್ಧ ಹೇಳಿದ್ದರೆ ಅವತ್ತು ಪೊಲೀಸರು ಬರಬೇಕಾಗುತ್ತಿತ್ತು. ದುರುಗಪ್ಪನ ಪಕ್ಕದಲ್ಲಿ ಮಗಳು ನಿಂತಿದ್ದಳು. ಅವಳ ಮುಂದೆ ಗುಡ್ಡವಿತ್ತು. ಅವನು ಸಿಟ್ಟು ನುಂಗಿದ. “ಬೈಯಿ ಅಜ್ಜ, ಎಷ್ಟು ಬೇಕಷ್ಟು ಬೈಯಿ. ಆಮ್ಯಾಲೆ ಗಂಜಿ ಹಚ್ಚಿಕೊಡು.”

ಅಜ್ಜನ ಬೈಗುಳ ಅಲ್ಲಿಗೇ ಕಡಿದುಹೋಯಿತು. ಹೊಲಿಗೆಯ ಅಂಚನ್ನು ಹಿಡಿದು, ಒಳಗೆ ಓಡಿದ ಹಗ್ಗವನ್ನು ಎಳೆದು ನೋಡಿದ. “ಇದನ್ಯಾರು ಹೊಲದೋರು?”

“ನಮ್ಮಪ್ಪ,” ಎಂದಳು ಕೋಮಲಾ.

“ಕೈ ಚೊಲೊ ಐತಿ. ತಲಿ ಒಂದು ಇದ್ದಿದ್ರ.” ಒಳಗೆ ತಿರುಗಿ ಕೂಗಿದ, “ಪಂಪಮ್ಮಾ, ಒಲಿ ಹಚ್ಚವಾ.”

ಆ ದಿನ ಪೂರ್ತಿ ಅದೇ ಕೆಲಸ. ಅಜ್ಜನ ಮಗಳು ಪಂಪಮ್ಮ ಹುರಿದ ಬೀಜದ ಸಿಪ್ಪೆ ಕುಟ್ಟಿ ತೆಗೆದು ನೆನೆಹಾಕಿದ್ದು ಪುಣ್ಯಕ್ಕೆ ಮನೆಯಲ್ಲಿತ್ತು. ರುಬ್ಬಿ, ಕುದಿಸಿ, ತೆಳ್ಳಗಿನ ಅಂಬಲಿ ಮಾಡಿದರು. ಮನೆ ಮುಂದಿನ ಬಯಲಲ್ಲಿ ಗೂಟ ಹೊಡೆದು ಕಂಬಳಿಯನ್ನು ಎಳೆದು ಕಟ್ಟಿದರು. ಅಜ್ಜ ಗಂಜಿಯ ಬೋಗುಣಿ ಹಿಡಿದು ಬಗ್ಗುವಾಗ ಕೋಮಲಾ ಕೇಳಿದಳು.

“ಅಜ್ಜ, ಎರಡೂ ಮೈಗೆ ಹಚ್ಚಬೇಕೇನು?”

“ಹಂಗ ಹಚ್ಚಾದು.”

“ಒಂದ ಮೈಗೆ ಹಚ್ಚಿದ್ರ? ಹೊರಗಿನ ಮೈ ಗಟ್ಟಿ ಇದ್ದು ಗಾಳಿ ತಡೀಲಿ. ಒಳಗಿನ ಮೈ ಅಪ್ಪ ಬಡದಾಗ ಉಬ್ಬೇತಲ್ಲ, ಅದು ಹಂಗ ಮೆತ್ತಗಿದ್ರ ಬೆನ್ನಿಗೆ ಬೆಚ್ಚಗ.”

ಅಜ್ಜ ಬಗ್ಗಿದವನು ನೆಟ್ಟಗಾದ. ಕಂಬಳಿ ನೋಡಿದ, ಹುಡುಗಿಯನ್ನು ನೋಡಿದ, ಕಡೆಗೆ ದುರುಗಪ್ಪನನ್ನು ನೋಡಿದ. “ನಿನ್ನ ಬಡಿತ ಒಂದು ಕೆಲಸಕ್ಕ ಬಂತು ನೋಡಲೇ.” ಕಂಬಳಿ ನೇಯುವವರ ಮನೆಯಲ್ಲಿ ಹಾಗೆ ಯಾರೂ ಮಾಡಿರಲಿಲ್ಲ. ಆದರೂ ಅವನು ಒಂದೇ ಮೈಗೆ ಹಚ್ಚಿದ. ಗಂಜಿ ಆಚೆಗೆ ಇಳಿಯದಂತೆ ಬೆರಳ ತುದಿಯಲ್ಲಿ ಎತ್ತಿ ಎತ್ತಿ ಸವರಿದ. ಬಿಸಿಲು ಇಳಿಯುವ ಹೊತ್ತಿಗೆ ಒಂದು ಕಡೆ ತೊಗಲಿನಂತೆ, ಇನ್ನೊಂದು ಕಡೆ ಕುರಿಮರಿಯಂತೆ ಆದ ಕಂಬಳಿ ಕೈಗೆ ಬಂತು.

ದುರುಗಪ್ಪ ಜೇಬಿಗೆ ಕೈ ಹಾಕಿದ. ಅಜ್ಜ ಬೇಡವೆಂದು ಕೈಯಾಡಿಸಿದ.

“ಕಂಬ್ಳಿ ರೊಕ್ಕ ಅವತ್ತ ತಗೊಂಡೀನಿ. ಇದು ಹುಡುಗಿ ಸಲವಾಗಿ.” ಪಂಪಮ್ಮ ಒಳಗೆ ಹೋದದ್ದನ್ನು ನೋಡಿಕೊಂಡು, ದನಿ ಇಳಿಸಿ ಕೇಳಿದ. “ಒಂದು ಮಾತು ಐತಿ. ಹುಟ್ಟಿದಾಗಿಂದ ಕುರಿ ಹಿಂದ ಕಲ್ಲಮ್ಯಾಲ ಮಲಗಿದಾವ ನಾನು. ನೆಲ ಬಿಟ್ಟು ಮಲಗಿದ್ದ ಇಲ್ಲ. ಗುಡ್ಡ ಗೆದ್ದು ಬಂದ ಮ್ಯಾಲೆ ಆ ಜೋಲಿ ತಗೊಂಡು ಬರ್ರಿ. ಒಂದ್ಸಲ ನನ್ನೂ ಅದರಾಗ ಮಲಗಿಸ್ರಿ. ಮಂದಿ ಇಲ್ಲದಾಗ.”

“ಇದೊಂದು ದೊಡ್ಡ ಮಾತೇನಜ್ಜ,” ಎಂದ ದುರುಗಪ್ಪ. “ನಾನ ತೂಗ್ತೀನಿ.”

ಕೋಮಲಾ ಗುಡ್ಡಕ್ಕೆ ಹೋದಳು. ದುರುಗಪ್ಪ ಯಾರ್ಡಿಗೆ ಹೋದ, ಆದರೆ ಅವನ ಕಿವಿ ಜೇಬಿನ ಫೋನಿನಲ್ಲಿತ್ತು. ಆ ದಿನಗಳಲ್ಲಿ ಕೊಟ್ಟೂರಿನಲ್ಲೂ ಗಾಳಿ ಎದ್ದಿತ್ತು, ಬೀದಿನಾಯಿಗಳು ಚೀಲದ ರಾಶಿಯ ಸಂದಿಯಲ್ಲಿ ಮುದುರಿ ಮಲಗಿದ್ದವು. ಯಾರು ಮಾತಾಡಿಸಿದರೂ ಅವರ ಮೇಲೆ ಹಾರಿ ಬೀಳುತ್ತಿದ್ದ. ರಾಮಣ್ಣ ಚಹಾ ತಂದುಕೊಟ್ಟು ದೂರ ಹೋಗಿ ಕೂತ. ಕೊನೆಯ ಬೆಳಿಗ್ಗೆ, ತೂಕದ ಕಟ್ಟೆಯ ಹತ್ತಿರ, ಫೋನು ಬಂತು.

“ಅಪ್ಪಾ, ನಾನು ಕೆಳಗ ಇಳೀಲಿಲ್ಲ.”

“ಬೆನ್ನು?”

“ಬೆಚ್ಚಗಿತ್ತು. ಮೊದಲ್ನೇ ದಿನ ಹಗ್ಗ ಸ್ವಲ್ಪ ಸಡಿಲಿತ್ತು, ನಾನ ಬಿಗಿ ಮಾಡಿಕೊಂಡೆ. ನಮ್ಮ ಸರ್ ಬಂದು ಕಂಬ್ಳಿ ಬಿಚ್ಚಿಸಿ, ತಿರುವಿ ನೋಡಿದ್ರು. ಯಾರು ಮಾಡಿದ್ದು ಅಂತ ಕೇಳಿದ್ರು.”

“ಏನಂದಿ?”

“ನೇಯ್ದಿದ್ದು ಗುಡೇಕೋಟಿ ಮೈಲಪ್ಪಜ್ಜ, ಹೊಲದಿದ್ದು ನಮ್ಮಪ್ಪ, ಕೊಟ್ಟೂರು ಯಾರ್ಡಿನ ಹಮಾಲ ಅಂದೆ. ಎಲ್ಲರ ಮುಂದ ಅಂದೆ.”

ದುರುಗಪ್ಪ ಫೋನನ್ನು ರಾಮಣ್ಣನ ಕೈಗೆ ಕೊಟ್ಟು, ಹತ್ತಿರದಲ್ಲಿದ್ದ ಚೀಲವೊಂದನ್ನು ಸುಮ್ಮಸುಮ್ಮನೆ ಬೆನ್ನಿಗೇರಿಸಿ, ಲಾರಿಯವರೆಗೆ ಹೊತ್ತುಕೊಂಡು ಹೋಗಿ ಬಂದ. ಆ ಲಾರಿಗೆ ಆ ಚೀಲ ಹೋಗಬೇಕಿರಲಿಲ್ಲ. ಯಾರೂ ಕೇಳಲಿಲ್ಲ. ಅವತ್ತು ಅಂಗಡಿಯಲ್ಲಿದ್ದವರಿಗೆಲ್ಲ ಚಹಾ ಅವನದೇ. ಮಾರೇಶ ಈಗ ಬಸ್ಸಿನಲ್ಲಿ ತೆಲಿಗಿ ಸ್ಟಾಪು ಬರುವುದರೊಳಗೆ ಮೂರು ಮಂದಿಗಾದರೂ “ನಮ್ಮ ಸೊಸಿ ಸಾಹಸ ಕೇಂದ್ರದಾಗ ಮೇಡಂ” ಎಂದು ಹೇಳುತ್ತಾನಂತೆ. ಅದನ್ನು ಕೇಳಿ ದುರುಗಪ್ಪನಿಗೆ ಸಿಟ್ಟು ಇನ್ನೂ ಹೆಚ್ಚಾಗಿದೆ. ಅಂದದ್ದನ್ನು ವಾಪಸ್ ತಗೊಂಡಿಲ್ಲ, ಮೇಲೆ ಪಾಲು ಕೇಳುತ್ತಾನೆ.

ಕೋಮಲಾ ಕೇಂದ್ರದಲ್ಲಿ ಕೆಲಸಕ್ಕೆ ನಿಂತಳು. ಹೊಸ ಕೆಲಸ, ರಜೆ ಸಿಗಲಿಲ್ಲ. ಯಾರ್ಡಿನಲ್ಲಿ ಸುಗ್ಗಿ, ದುರುಗಪ್ಪನಿಗೂ ಬಿಡುವಾಗಲಿಲ್ಲ. ಅಜ್ಜ ಎಲ್ಲಿ ಹೋಗ್ತಾನೆ, ಮಗ್ಗ ಬಿಟ್ಟು ಎದ್ದವನೇ ಅಲ್ಲ ಎಂದುಕೊಂಡ. ಬೇಸಿಗೆ ಏರಿದ ಮೇಲೆ ಮಗಳು ಜೋಲಿ ಹಿಡಿದು ಬಂದಳು. ದುರುಗಪ್ಪ ಒಳ್ಳೆಯ ಶೇಂಗಾ ಆರಿಸಿ ಚೀಲ ತುಂಬಿ, ಬಾಯಿಯನ್ನು ಮದುವೆ ಮನೆಗೆ ಕಳಿಸುವಂತೆ ಹೊಲಿದ. ಇಬ್ಬರೂ ಗುಡೇಕೋಟೆಗೆ ಹೋದರು.

ಬಾಗಿಲು ತೆರೆದವಳು ಪಂಪಮ್ಮ. ಅಜ್ಜ ಶಿವರಾತ್ರಿ ಆದ ಮರುವಾರ ತೀರಿಕೊಂಡಿದ್ದ. ಜ್ವರವೆಂದು ಮಲಗಿದವನು ಏಳಲಿಲ್ಲ. “ನಿಮ್ಮ ಸುದ್ದಿ ಕೇಳ್ತಿದ್ದ,” ಎಂದಳು. “ಹುಡುಗಿ ಗೆದ್ಳಂತೇನು ಅಂತ. ಗೆದ್ದಳಂತ ಸಂತ್ಯಾಗ ಯಾರೋ ಅಂದಿದ್ರು, ಹೇಳಿದೆ. ಖುಷಿಪಟ್ಟ.”

ಮನೆ ಮುಂದೆ ಎರಡು ಹುಣಸೆಮರ, ಜೋಲಿಗೆ ಬೇಕಾದಷ್ಟೇ ಅಂತರದಲ್ಲಿದ್ದವು. ಕೋಮಲಾ ಅವನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿದಳು.

ದುರುಗಪ್ಪ ಶೇಂಗಾದ ಚೀಲ ಪಡಸಾಲೆಗೆ ಇಳಿಸಿದ. “ಅಜ್ಜಗ ಒಂದು ಮಾತು ಕೊಟ್ಟಿದ್ದೆ ತಂಗಿ. ಅದು ನಡೀಲಿಲ್ಲ. ಅದಕ್ಕ ಇದಾದ್ರೂ ತಗೋ.”

ಪಂಪಮ್ಮ ಚೀಲದ ಬಾಯಿಯ ಹೊಲಿಗೆ ನೋಡಿದಳು. ಜೋಲಿಯ ಮಾತು ಅಪ್ಪ ಕೊನೆಗೆ ಅವಳಿಗೂ ಹೇಳಿದ್ದನಂತೆ.

“ಅಣ್ಣಾ, ಮನಿಗೆ ಬಂದೋರು ತಂದಿದ್ದು ಅಂತ ಆದ್ರ ಶೇಂಗಾ ಇಟ್ಟು ಹೋಗ್ರಿ, ಹುರಿದು ತಿಂತೀವಿ. ಆ ಮಾತಿಗೆ ಅಂತ ಆದ್ರ ಹೊತ್ಕೊಂಡು ಹೋಗ್ಬಿಡ್ರಿ. ಅದು ನಮ್ಮಪ್ಪಂದು, ನಾನು ಹೆಂಗ ತೀರ್ಸಿಕೊಳ್ಳಲಿ?”

ಅವಳು ಕೊಟ್ಟ ಮಜ್ಜಿಗೆ ಕುಡಿದರು. ಶೇಂಗಾ ಮನೆಗೆ ಬಂದದ್ದಕ್ಕೆ ಎಂದೇ ಇಟ್ಟು ದುರುಗಪ್ಪ ಎದ್ದ. ಮೈಲಪ್ಪಜ್ಜನಿಗೆ ಕೊಡಬೇಕಾದದ್ದು ಹಾಗೇ ಉಳಿದಿದೆ.